ಮಂಗ ಮತ್ತು ತೊರಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಶಾಲೆಗಳಿಗೆ ಜೀವವಿಜ್ಞಾನದ ಬಗ್ಗೆ ಮಾತಾಡಲು ಹೋಗುವಾಗ ನಾನು ಎರಡು ದೊಡ್ಡ ಚಿತ್ರ ಒಯ್ಯುತ್ತೇನೆ. ಒಂದು ನಮ್ಮ ಬೇವಿನ ಮರದ ಮಂಗನದು. ಇನ್ನೊಂದು ತೊರಕೆ ಎಂಬ ಚಪ್ಪಟೆ ಮೀನಿನದು. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಅಂಟಿಸಿ ಸುಮ್ನೆ ನಿಲ್ಲುತ್ತೇನೆ. ಪ್ರಶ್ನೆಗಳು ತಾವಾಗಿಯೇ ಶುರುವಾಗುತ್ತವೆ. ಮಕ್ಕಳು ಕೇಳಿದ್ದು, ಮೇಷ್ಟ್ರುಗಳು ಆಮೇಲೆ ಚಹಾ ಕುಡಿಯುವಾಗ ಕೇಳಿದ್ದು, ಕೆಲವರು ಪತ್ರ ಬರೆದು ಕೇಳಿದ್ದು, ಎಲ್ಲವನ್ನೂ ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಹತ್ತು ನಿಮಿಷದಲ್ಲಿ ಬರುವ ಪ್ರಶ್ನೆಗಳು

ಸರ್, ಮಂಗ್ಯಾಗೂ ಮೀನಿಗೂ ಏನ್ ಸಂಬಂಧ್ರಿ? ಯಾಕ ಹೋಲಸ್ತೀರಿ?

ಮಂಗನನ್ನು ಕರೀ ಮಾರಿಯ ಮುಸ್ಯಾನ ಜೊತೆ ಹೋಲಿಸಿದರೆ ಸಣ್ಣ ಸಣ್ಣ ವ್ಯತ್ಯಾಸ ಕಾಣುತ್ತವೆ. ಬಹಳ ದೂರದ ಎರಡು ಪ್ರಾಣಿಗಳನ್ನು ಎದುರುಬದುರು ಇಟ್ಟರೆ ಬೇರೆಯದೇ ಸಂಗತಿ ಹೊಳೆಯುತ್ತದೆ. ಉಸಿರಾಡಬೇಕು, ಹೊಟ್ಟೆ ತುಂಬಿಸಿಕೊಳ್ಳಬೇಕು, ಮರಿ ಮಾಡಬೇಕು, ಪ್ರಾಣ ಉಳಿಸಿಕೊಳ್ಳಬೇಕು. ಈ ನಾಲ್ಕು ಕೆಲಸ ಎರಡಕ್ಕೂ ಇವೆ. ಒಂದು ಮರದ ಮೇಲೆ ಮಾಡುತ್ತದೆ, ಇನ್ನೊಂದು ಹೊಳೆಯ ತಳದ ಕೆಸರಿನಲ್ಲಿ. ಎರಡಕ್ಕೂ ಬೆನ್ನೆಲುಬಿನ ಸಾಲು ಇದೆ, ದವಡೆ ಇದೆ, ಬಾಲ ಇದೆ. ಎರಡೂ ಮರಿ ಹಾಕುತ್ತವೆ. ಅದೂ ಬಹಳ ಕಮ್ಮಿ ಮರಿ. ನನಗೆ ಮುಖ್ಯ ಅನಿಸುವುದು ಈ ಕೊನೆಯ ಮಾತೇ. ಅದಕ್ಕೆ ಕೆಳಗೆ ಮತ್ತೆ ಬರುತ್ತೇನೆ.

ತೊರಕೆ ಅಂದ್ರ ಯಾವ ಮೀನ್ರಿ? ನಾವು ನೋಡೇ ಇಲ್ಲ.

ಸಮುದ್ರ ನಮ್ಮಿಂದ 300 ಕಿಲೋಮೀಟರಿಗೂ ಜಾಸ್ತಿ ದೂರ. ನೋಡದೇ ಇರುವುದು ಸಹಜ. ತೊರಕೆ ಎಂಬುದು ಕರಾವಳಿಯವರ ಮಾತು. ದೊಡ್ಡ ಜೋಳದ ರೊಟ್ಟಿಗೆ ಚಾಟಿಯಂಥ ಬಾಲ ಅಂಟಿಸಿದರೆ ಹೇಗಿರುತ್ತದೋ ಹಾಗೆ ಅದರ ಆಕಾರ. ಕಣ್ಣು ಮೇಲೆ, ಬಾಯಿ ಕೆಳಗೆ. ಇದು ಶಾರ್ಕ್‌ನ ಹತ್ತಿರದ ನೆಂಟ. ಮೈಯಲ್ಲಿ ಗಟ್ಟಿ ಮೂಳೆಯೇ ಇಲ್ಲ. ನಮ್ಮ ಕಿವಿಯ ಅಂಚು ಹೇಗೆ ಬಾಗುತ್ತದೋ ಅಂಥ ಮೃದ್ವಸ್ಥಿಯಿಂದಲೇ ಇಡೀ ಗೂಡು ಆಗಿದೆ.

ತೊರಕೆಯಲ್ಲಿ ಬಹಳ ಜಾತಿಗಳಿವೆ. ನಾನು ಚಿತ್ರದಲ್ಲಿ ತೋರಿಸುವುದು ಸಿಹಿನೀರಿನ ದೈತ್ಯ ತೊರಕೆ. ವಿಜ್ಞಾನದ ಹೆಸರು ಯುರೋಜಿಮ್ನಸ್ ಪಾಲಿಲೆಪಿಸ್. ಇದನ್ನು 1852ರಲ್ಲಿ ಮೊದಲು ವಿವರಿಸಿದವರು ಪೀಟರ್ ಬ್ಲೀಕರ್ ಎಂಬ ಡಚ್ ವೈದ್ಯರು. ಇದು ಥಾಯ್ಲೆಂಡ್, ಕಾಂಬೋಡಿಯಾ, ಬೋರ್ನಿಯೋ ಕಡೆಯ ದೊಡ್ಡ ನದಿಗಳಲ್ಲಿ ಇರುತ್ತದೆ. ಹೊಳೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಸಮುದ್ರದ ಮೀನಿಗಿಂತ ಹೊಳೆಯ ಮೀನು ಬೇಗ ಮನಸ್ಸಿಗೆ ಹತ್ತುತ್ತದೆ ಎಂದು ಇದನ್ನೇ ಆರಿಸಿಕೊಂಡೆ.

ಯಾವ ಮಂಗ? ಕೆಂಪ ಮಾರಿದೋ, ಕರೀ ಮಾರಿ ಮುಸ್ಯಾನೋ?

ಕರೀ ಮಾರಿಯದಲ್ಲ. ಮುಸ್ಯಾನ ಬಾಲ ಬಹಳ ಉದ್ದ, ಅದಕ್ಕೆ ಎಲೆ ಅರಗಿಸುವ ಬೇರೆ ಥರದ ಹೊಟ್ಟೆ. ನಾನು ಹೇಳುವುದು ತಲೆಯ ಮೇಲೆ ಕೂದಲು ಟೊಪ್ಪಿಗೆಯ ಹಾಗೆ ಸುತ್ತಲೂ ಹರಡಿಕೊಂಡ ಮಂಗ, ಬಾನೆಟ್ ಮಕಾಕ್. ಕಡಲೆ ಸಿಕ್ಕರೆ ಗಲ್ಲದ ಚೀಲದಲ್ಲಿ ತುಂಬಿಕೊಂಡು ಓಡುತ್ತದಲ್ಲ, ಅದೇ. 1812ರಲ್ಲಿ ಇದಕ್ಕೆ ವಿಜ್ಞಾನದ ಹೆಸರು ಬಂತು: ಮಕಾಕಾ ರೇಡಿಯೇಟಾ. ಇಡೀ ಜಗತ್ತಿನಲ್ಲಿ ಇದು ಸಹಜವಾಗಿ ಇರುವುದು ನಮ್ಮ ದಕ್ಷಿಣ ಭಾರತದ ಕಡೆ ಮಾತ್ರ.

ಬೀದರಿನವರಿಗೆ ಒಂದು ಮಾತು. ಉತ್ತರ ಭಾರತದ ರೀಸಸ್ ಮಂಗ ಕೆಲವು ದಶಕಗಳಿಂದ ದಕ್ಷಿಣಕ್ಕೆ ಸರಿದು ಬರುತ್ತಿದೆ. ಗೋದಾವರಿ ಸೀಮೆ ಇವೆರಡರ ಗಡಿಯಂತೆ ಇತ್ತು. ಬೀದರಿನ ಮಾಂಜ್ರಾ ನದಿ ಸೇರುವುದೂ ಗೋದಾವರಿಗೇ. ಹಾಗಾಗಿ ಬಾಲ ನೋಡಿ. ಮೈಯಷ್ಟೇ ಉದ್ದ ಇದ್ದರೆ ನಮ್ಮ ಟೊಪ್ಪಿಗೆಯ ಮಂಗ. ಬಾಲ ಗಿಡ್ಡ, ಹಿಂಭಾಗ ಕಿತ್ತಳೆ ಬಣ್ಣ ಇದ್ದರೆ ರೀಸಸ್.

ನಮ್ಮ ಭೀಮಾ ಹೊಳ್ಯಾಗ ತೊರಕೆ ಸಿಗ್ತದೇನ್ರಿ?

ಇಲ್ಲ. ಭೀಮಾ ಹೋಗಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಸಮುದ್ರದ ಮೀನು ಅಲ್ಲಿಂದ ಮೇಲೆ ಹತ್ತಿ ಬರಬೇಕೆಂದರೆ ನಡುವೆ ಪ್ರಕಾಶಂ ಬ್ಯಾರೇಜ್, ನಾಗಾರ್ಜುನ ಸಾಗರ, ಶ್ರೀಶೈಲ ಅಡ್ಡ ನಿಂತಿವೆ. ಭೀಮಾದಲ್ಲಿ ಬಲೆಗೆ ಬೀಳುವುದು ರೋಹು, ಕಟ್ಲಾದಂಥ ಮೀನು.

ಶಹಾಬಾದ್ ಕಲ್ಲು ಸಮುದ್ರದ ತಳದ್ದು ಅಂತಾರಲ್ಲ. ಹಂಗಾದ್ರ ಇಲ್ಲಿ ತೊರಕೆ ಇದ್ವೇನು?

ಈ ಪ್ರಶ್ನೆ ಕೇಳಿದ್ದು ಚಿತ್ತಾಪುರ ಕಡೆಯ ಒಬ್ಬ ಎಂಟನೇ ಕ್ಲಾಸಿನ ಹುಡುಗಿ. ನೆಲದ ಮೇಲೆ ಕೂತಿದ್ದಳು, ಕೈಯಿಂದ ಹಾಸುಗಲ್ಲು ತಟ್ಟಿ ತೋರಿಸಿದಳು. ಅವತ್ತಿನಿಂದ ಈ ಪ್ರಶ್ನೆ ಬಿಟ್ಟು ಮಾತು ಮುಗಿಸಿದ್ದೇ ಇಲ್ಲ.

ಅವಳ ಮಾತು ನಿಜ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ, ವಾಡಿಯ ಸಿಮೆಂಟಿಗೆ ಹೋಗುವ ಈ ಸುಣ್ಣದ ಕಲ್ಲು ಒಂದು ಕಾಲದ ಆಳವಿಲ್ಲದ ಸಮುದ್ರದ ತಳದ ಕೆಸರು. ಆದರೆ ಅದು ಎಷ್ಟು ಹಳೆಯದೆಂದರೆ, ಆಗ ತೊರಕೆ ಹಾಗಿರಲಿ, ಜಗತ್ತಿನಲ್ಲಿ ಯಾವ ಮೀನೂ ಹುಟ್ಟಿರಲಿಲ್ಲ. ಬೆನ್ನೆಲುಬು ಎಂಬುದೇ ಇರಲಿಲ್ಲ. ತೊರಕೆಗಳು ಬಂದದ್ದು ಡೈನೋಸಾರ್ ಕಾಲದಲ್ಲಿ. ಮಂಗಗಳು ಅದಕ್ಕೂ ಎಷ್ಟೋ ಈಚೆಗೆ. ಅಂದರೆ ನಾವು ಊಟಕ್ಕೆ ಕೂರುವ ಹಾಸುಗಲ್ಲು ಇವೆರಡರ ಇತಿಹಾಸಕ್ಕಿಂತಲೂ ಹಿಂದಿನದು.

## ಮೈಕಟ್ಟು ಮತ್ತು ಬದುಕು

ಎಷ್ಟು ದೊಡ್ಡದಾಗ್ತದ್ರಿ? ಮಂಗ್ಯಾನಕಿಂತ ದೊಡ್ಡದಾ?

ಗಂಡು ಮಂಗ ಸುಮಾರು 5ರಿಂದ 11 ಕಿಲೋ ತೂಗುತ್ತದೆ. ಹೆಣ್ಣು 3ರಿಂದ 5 ಕಿಲೋ. ತೊರಕೆಯ ಲೆಕ್ಕ ಕ್ವಿಂಟಲ್‌ನಲ್ಲಿ. 2022ರ ಜೂನ್‌ನಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ ಸಿಕ್ಕ ಒಂದು ಹೆಣ್ಣು ತೊರಕೆ 300 ಕಿಲೋ ಇತ್ತು. ಮೂರು ಕ್ವಿಂಟಲ್ ತೊಗರಿಯ ತೂಕ! ಬಾಲ ಸೇರಿ 3.98 ಮೀಟರ್ ಉದ್ದ, 2.2 ಮೀಟರ್ ಅಗಲ. ಸಿಹಿನೀರಿನಲ್ಲಿ ಸಿಕ್ಕು ತೂಕ ದಾಖಲಾದ ಮೀನುಗಳಲ್ಲಿ ಅದೇ ಅತಿ ದೊಡ್ಡದು. ಅದಕ್ಕೆ ಬೊರಾಮಿ ಎಂದು ಹೆಸರಿಟ್ಟರು. ಅವರ ಖ್ಮೇರ್ ಭಾಷೆಯಲ್ಲಿ ಹುಣ್ಣಿಮೆ ಎಂದರ್ಥ. ಸುಳಿವು ಹಿಡಿಯುವ ಸಾಧನ ಕಟ್ಟಿ ಮತ್ತೆ ನದಿಗೇ ಬಿಟ್ಟರು ಎಂಬುದು ನನಗೆ ಅದರ ತೂಕಕ್ಕಿಂತ ದೊಡ್ಡ ಸುದ್ದಿ.

ಎರಡಕ್ಕೂ ಬಾಲ ಅದ. ಬಾಲದ ಕೆಲಸ ಒಂದೇನಾ?

ಅಲ್ಲ. ಮಂಗನ ಬಾಲ ತಕ್ಕಡಿಯ ಹಾಗೆ. ಕೊಂಬೆಯ ಮೇಲೆ ಓಡುವಾಗ, ಜಿಗಿಯುವಾಗ ಮೈಯ ತೂಕವನ್ನು ಸಮ ಮಾಡುತ್ತದೆ. ಬಾಲದಿಂದ ಕೊಂಬೆ ಹಿಡಿದು ಜೋತುಬೀಳುವ ಮಂಗಗಳ ಚಿತ್ರ ನೋಡಿರುತ್ತೀರಿ. ಅವು ದಕ್ಷಿಣ ಅಮೆರಿಕದವು. ನಮ್ಮವಕ್ಕೆ ಅದು ಬರುವುದಿಲ್ಲ.

ತೊರಕೆ ಬಾಲದಿಂದ ಈಜುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಅದು ಈಜುವುದು ರೊಟ್ಟಿಯಂಥ ಮೈಯ ಅಂಚನ್ನು ಅಲೆಯಂತೆ ಆಡಿಸಿ. ಬಾಲ ಇರುವುದು ಕಾವಲಿಗೆ. ಅದರ ಮೇಲೆ ಗರಗಸದಂಥ ಹಲ್ಲುಗಳಿರುವ ಮುಳ್ಳು, ಮುಳ್ಳಿನ ಸುತ್ತ ವಿಷದ ಪೊರೆ. ಈ ದೈತ್ಯ ತೊರಕೆಯ ಮುಳ್ಳು 38 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಅಂದರೆ ಶಾಲೆಯ ಅಡಿಪಟ್ಟಿಗಿಂತ ಉದ್ದ. ಮುರಿದರೆ ಹೊಸದು ಬರುತ್ತದೆ.

ಬಾಯಿ ಕೆಳಗಿದ್ದರೆ ಕೆಸರಲ್ಲಿ ಮಲಗಿದಾಗ ಉಸಿರು ಕಟ್ಟೋದಿಲ್ವಾ?

ಕಣ್ಣಿನ ಹಿಂದೆ, ಬೆನ್ನಿನ ಕಡೆ, ಎರಡು ತೂತುಗಳಿವೆ. ತಳದಲ್ಲಿ ಮಲಗಿದಾಗ ನೀರನ್ನು ಅಲ್ಲಿಂದ ಎಳೆದುಕೊಂಡು ಹೊಟ್ಟೆಯ ಕಡೆಯ ಐದು ಜೊತೆ ಕಿವಿರು ಸೀಳುಗಳಿಂದ ಬಿಡುತ್ತದೆ. ಬಾಯೊಳಗೆ ಕೆಸರು ಹೋಗುವುದೇ ಇಲ್ಲ.

ಕಣ್ಣು ಮೇಲೆ, ಬಾಯಿ ಕೆಳಗೆ ಅಂದಮೇಲೆ ತಾನು ತಿನ್ನುವ ಏಡಿ, ಹುಳು, ಮೀನು ಅದಕ್ಕೆ ಕಾಣುವುದಿಲ್ಲ. ಮತ್ತೆ ಹುಡುಕುವುದು ಹೇಗೆ? ಪ್ರತಿ ಜೀವಿಯ ಮೈಯಿಂದಲೂ ಬಹಳ ಸಣ್ಣ ವಿದ್ಯುತ್ ಹೊಮ್ಮುತ್ತದೆ. ತೊರಕೆಯ ಬಾಯಿಯ ಸುತ್ತಲಿನ ಸೂಕ್ಷ್ಮ ರಂಧ್ರಗಳು ಅದನ್ನು ಹಿಡಿಯುತ್ತವೆ. ಮಂಗನಿಗೆ ಈ ಶಕ್ತಿ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಹಸಿರೆಲೆಯ ನಡುವೆ ಕೆಂಪಾದ ಅತ್ತಿಹಣ್ಣು ಯಾವುದು ಎಂದು ಅದರ ಕಣ್ಣು ದೂರದಿಂದಲೇ ಗುರುತಿಸುತ್ತದೆ, ನಮ್ಮ ಕಣ್ಣಿನ ಹಾಗೇ.

ಮೀನು ಅಂದಮ್ಯಾಲ ತತ್ತಿ ಇಡಬೇಕಲ್ರಿ? ಮರಿ ಹಾಕ್ತದ ಅಂತೀರಲ್ಲ!

ಹೆಚ್ಚಿನ ಮೀನು ಮೊಟ್ಟೆಯನ್ನೇ ಇಡುತ್ತವೆ. ಒಂದು ರೋಹು ಮಳೆಗಾಲದಲ್ಲಿ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುತ್ತದೆ. ಬಹುಪಾಲು ಸತ್ತರೂ ನದಿ ತುಂಬುತ್ತದೆ.

ತೊರಕೆಯ ದಾರಿ ಬೇರೆ. ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಬೆಳೆಯುತ್ತದೆ. ಮೊದಮೊದಲು ಮರಿಗೆ ಮೊಟ್ಟೆಯ ಹಳದಿಯೇ ಆಹಾರ. ಅದು ಮುಗಿದ ಮೇಲೆ ಗರ್ಭದ ಗೋಡೆಯಿಂದ ಎಳೆಎಳೆಯಾಗಿ ಇಳಿದ ಭಾಗಗಳು ಕೊಬ್ಬು, ಪ್ರೋಟೀನ್ ತುಂಬಿದ ಒಂದು ರಸ ಸುರಿಸುತ್ತವೆ. ಅದನ್ನು ಗರ್ಭದ ಹಾಲು ಎನ್ನುತ್ತಾರೆ. ಮಂಗನ ಹಾಗೆ ಹೊಕ್ಕುಳ ಬಳ್ಳಿ ಇಲ್ಲ, ಮಾಸು ಇಲ್ಲ. ಆದರೂ ತಾಯಿ ಹೊಟ್ಟೆಯೊಳಗೇ ಹಾಲುಣಿಸುತ್ತಾಳೆ ಎನ್ನಬಹುದು. ಇದನ್ನು ಹೇಳುವಾಗ ಹಿಂದೆ ಕೂತ ಮೇಡಂಗಳೂ ಪೆನ್ನು ತೆಗೆದು ಬರೆದುಕೊಳ್ಳುತ್ತಾರೆ.

ದೈತ್ಯ ತೊರಕೆಗೆ ಒಂದು ಸಲಕ್ಕೆ ಒಂದರಿಂದ ನಾಲ್ಕು ಮರಿ. ಹುಟ್ಟುವಾಗಲೇ ಒಂದೊಂದೂ ಸುಮಾರು 30 ಸೆಂಟಿಮೀಟರ್ ಅಗಲ ಇರುತ್ತದೆ. ಮಂಗನದು ಸುಮಾರು ಐದೂವರೆ ತಿಂಗಳ ಗರ್ಭ, ಸಾಮಾನ್ಯವಾಗಿ ಒಂದೇ ಮರಿ. ವ್ಯತ್ಯಾಸ ಶುರುವಾಗುವುದು ಹುಟ್ಟಿದ ಮೇಲೆ. ಮಂಗನ ಮರಿ ತಿಂಗಳುಗಟ್ಟಲೆ ತಾಯಿಯ ಹೊಟ್ಟೆ ಹಿಡಿದು ಜೋತಿರುತ್ತದೆ. ಯಾವ ಕಾಯಿ ತಿನ್ನಬೇಕು, ಯಾರಿಗೆ ಹೆದರಬೇಕು ಎಲ್ಲ ನೋಡಿ ಕಲಿಯುತ್ತದೆ. ತೊರಕೆ ಮರಿ ಹುಟ್ಟಿದ ದಿನವೇ ಒಂಟಿ. ಮುಳ್ಳು ಅದಕ್ಕೆ ಹುಟ್ಟಿನಿಂದಲೇ ಇರುತ್ತದೆ. ಹುಟ್ಟುವಾಗ ತಾಯಿಗೆ ಚುಚ್ಚದಂತೆ ಮೆತ್ತನೆಯ ಪೊರೆ ಅದನ್ನು ಮುಚ್ಚಿರುತ್ತದೆ.

ಮಂಗ ಕಚ್ಚಿದರೆ ಏನು ಮಾಡಬೇಕು? ತೊರಕೆ ಚುಚ್ಚಿದರೆ?

ಮಂಗ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ. ಸುಣ್ಣ, ಖಾರದಪುಡಿ, ಅರಿಶಿನ ಏನೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ, ಪೂರ್ತಿ ಮುಗಿಸಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು. ಲಕ್ಷಣ ಕಂಡ ಮೇಲೆ ಅದಕ್ಕೆ ಮದ್ದಿಲ್ಲ. ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ತೊರಕೆ ಅಟ್ಟಿಸಿಕೊಂಡು ಬಂದು ಚುಚ್ಚುವುದಿಲ್ಲ. ಮೇಲೆ ಕಾಲಿಟ್ಟರೆ, ಬಲೆಯಿಂದ ಬಿಡಿಸುವಾಗ ಹಿಡಿದರೆ ಬಾಲ ಬೀಸುತ್ತದೆ. ಅದರ ವಿಷ ಬಿಸಿಗೆ ಕೆಡುವಂಥದ್ದು. ಹಾಗಾಗಿ ಕೈಕಾಲಿಗೆ ಚುಚ್ಚಿದ್ದರೆ ಸುಡದಷ್ಟು, ತಡೆಯುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಟ್ಟು, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕು. ಎದೆಗೋ ಹೊಟ್ಟೆಗೋ ಮುಳ್ಳು ನೆಟ್ಟಿದ್ದರೆ ಕೀಳಲೇಬಾರದು, ಹಾಗೇ ಆಸ್ಪತ್ರೆಗೆ ಒಯ್ಯಬೇಕು. ಟಿವಿಯಲ್ಲಿ ಮೊಸಳೆ ಹಿಡಿದು ತೋರಿಸುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ತೀರಿಕೊಂಡದ್ದು 2006ರ ಸೆಪ್ಟೆಂಬರ್ 4ರಂದು, ಸಮುದ್ರದ ಒಂದು ತೊರಕೆಯ ಮುಳ್ಳು ಎದೆಗೆ ತಾಗಿ. ಅಂಥ ಸಾವು ಬಹಳ ಅಪರೂಪ.

ಇವೆರಡೂ ಎಂದಾದ್ರೂ ಎದುರಾಗ್ತಾವೇನ್ರಿ? ಜಗಳ ಆದ್ರ ಯಾರು ಗೆಲ್ತಾರ?

ಐದನೇ ಕ್ಲಾಸಿನವರು ಇದನ್ನು ಕೇಳದೆ ಬಿಡುವುದಿಲ್ಲ. ನಮ್ಮ ಮಂಗ ಮತ್ತು ಆ ತೊರಕೆ ಎದುರಾಗುವುದಿಲ್ಲ. ಆದರೆ ನಮ್ಮ ಮಂಗನ ದಾಯಾದಿ, ಉದ್ದ ಬಾಲದ ಮಕಾಕ್ ಎಂಬುದು ಬೋರ್ನಿಯೋದಲ್ಲಿದೆ. ಅಲ್ಲಿನ ಕಿನಾಬಟಂಗನ್ ನದಿಯ ದಡದ ಮರಗಳಲ್ಲಿ ಅದು, ಕೆಳಗೆ ಕೆಸರಿನಲ್ಲಿ ದೈತ್ಯ ತೊರಕೆ. ಆ ಮಂಗ ನೀರಿಗಿಳಿದು ಚೆನ್ನಾಗಿ ಈಜುತ್ತದೆ, ಏಡಿಯನ್ನೂ ತಿನ್ನುತ್ತದೆ. ತೊರಕೆಯೂ ಏಡಿ ತಿನ್ನುತ್ತದೆ. ಒಂದೇ ಹೊಳೆ, ಒಂದೇ ಊಟ. ಆದರೆ ಒಂದು ದಡದಲ್ಲಿ, ಇನ್ನೊಂದು ತಳದಲ್ಲಿ. ಜಗಳಕ್ಕೆ ಕಾರಣವೇ ಇಲ್ಲ.

## ಮೇಷ್ಟ್ರುಗಳು, ಕಾಲೇಜಿನವರು ಕೇಳುವ ಪ್ರಶ್ನೆಗಳು

ಬುದ್ಧಿಯಲ್ಲಿ ಮಂಗನೇ ಮುಂದೆ ಅಲ್ವಾ? ಮೀನಿಗೆ ಏನು ಬುದ್ಧಿ ಇರುತ್ತೆ?

ಮಂಗ ಮುಂದೆ ಎಂಬುದರಲ್ಲಿ ಅನುಮಾನ ಇಲ್ಲ. ಗುಂಪಿನಲ್ಲಿ ಯಾರು ದೊಡ್ಡವರು, ಯಾರ ಪರ ನಿಲ್ಲಬೇಕು ಎಂಬುದೆಲ್ಲ ಅದಕ್ಕೆ ಗೊತ್ತು. ಬಂಡೀಪುರದಲ್ಲಿ ಕೆಲವು ಮಂಗಗಳು ಜನರ ಕಡೆ ಕೈ ಚಾಚಿ, 'ಕೂ' ಎಂದು ದನಿ ಮಾಡಿ ಆಹಾರ ಕೇಳುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಎದುರಿನವರು ನೋಡುತ್ತಿದ್ದಾರಾ ಎಂದು ಗಮನಿಸಿ ಕೇಳುವುದು ಸಣ್ಣ ವಿಷಯವಲ್ಲ.

ಆದರೆ ಮೀನನ್ನು ಹಗುರ ಮಾಡಬೇಡಿ. 2022ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ದಕ್ಷಿಣ ಅಮೆರಿಕದ ಒಂದು ಹೊಳೆ ತೊರಕೆಗೆ ಲೆಕ್ಕ ಕಲಿಸಿದರು. ಚಿತ್ರ ನೀಲಿ ಬಣ್ಣದ್ದಾದರೆ ಒಂದು ಕೂಡಿಸು, ಹಳದಿಯಾದರೆ ಒಂದು ಕಳೆ. ತೊರಕೆಗಳು ಐದರೊಳಗಿನ ಸಂಖ್ಯೆಯಲ್ಲಿ ಇದನ್ನು ಕಲಿತವು. ಇದು ನಮ್ಮ ಚಿತ್ರದ ದೈತ್ಯ ತೊರಕೆಯಲ್ಲ, ಬೇರೆ ಜಾತಿ. ಆದರೂ ತೊರಕೆಯ ತಲೆಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತದೆ.

ವಂಶವೃಕ್ಷದಲ್ಲಿ ಇವೆರಡು ಎಷ್ಟು ದೂರ? ರೋಹು ಮತ್ತು ತೊರಕೆ ಎರಡೂ ಮೀನೇ ಅಲ್ವಾ?

ಮಂಗ ಮತ್ತು ಮನುಷ್ಯ ಬೇರೆಯಾಗಿ ಎರಡೂವರೆ, ಮೂರು ಕೋಟಿ ವರ್ಷ ಆಗಿರಬೇಕು. ಮಂಗನ ಮತ್ತು ತೊರಕೆಯ ಹಿರಿಯರು ಬೇರೆಯಾದದ್ದು 40 ಕೋಟಿ ವರ್ಷಕ್ಕೂ ಹಿಂದೆ.

ಈಗ ನಿಜಕ್ಕೂ ತಲೆ ತಿರುಗಿಸುವ ಮಾತು. ಭೀಮಾ ಹೊಳೆಯ ರೋಹು ತೊರಕೆಗೆ ಹತ್ತಿರವಲ್ಲ, ಮಂಗನಿಗೆ ಹತ್ತಿರ. ಯಾಕೆಂದರೆ ಮೃದ್ವಸ್ಥಿಯ ಮೀನುಗಳ ಕವಲು ಮೊದಲೇ ಒಡೆದು ಹೋಯಿತು. ಉಳಿದ ಮೂಳೆ ಮೀನುಗಳ ಕವಲಿನಿಂದ ಒಂದು ಕಡೆ ರೋಹು ಬಂತು, ಇನ್ನೊಂದು ಕಡೆ ಕಪ್ಪೆ, ಹಲ್ಲಿ, ಹಕ್ಕಿ, ಮಂಗ, ನಾವು ಬಂದೆವು. ಆಕಾರ ನೋಡಿ ನೆಂಟಸ್ತನ ಹೇಳಬಾರದು. ಮೀನು ಎಂಬುದು ಅಡಿಗೆಮನೆಗೆ ಸಾಕಾಗುವ ಪದ, ವಂಶದ ಲೆಕ್ಕಕ್ಕೆ ಸಾಕಾಗುವುದಿಲ್ಲ.

ಇಷ್ಟು ದೂರವಾದರೂ ಒಂದು ಹಳೆಯ ಆಸ್ತಿ ಇಬ್ಬರ ಹತ್ತಿರವೂ ಉಳಿದಿದೆ. ತೊರಕೆಯ ಚರ್ಮದ ಒರಟು ಕಾಳುಗಳು ಹಲ್ಲಿನ ಹಾಗೇ ಡೆಂಟಿನ್ ಎಂಬ ವಸ್ತುವಿನಿಂದ ಆದವು. ಬಾಲದ ಮುಳ್ಳು ಅಂಥದೇ ಒಂದು ಕಾಳು ಬೆಳೆದು ನೀಳವಾದದ್ದು. ಮಂಗ ಸಿಟ್ಟಿನಲ್ಲಿ ತೋರಿಸುವ ಕೋರೆಹಲ್ಲಿನ ಒಳಗೂ ಡೆಂಟಿನ್ನೇ.

ತೊರಕೆ ಮೈಯಲ್ಲಿ ಯೂರಿಯಾ ಇರುತ್ತೆ ಅಂತ ಓದಿದೆ. ನಿಜವೇ?

ಸಮುದ್ರದ ತೊರಕೆಗಳಲ್ಲಿ ನಿಜ. ನಾವು ಮೂತ್ರದಲ್ಲಿ ಹೊರಹಾಕುವ ಯೂರಿಯಾವನ್ನು ಅವು ರಕ್ತದಲ್ಲೇ ಇಟ್ಟುಕೊಳ್ಳುತ್ತವೆ. ಹಾಗೆ ಮಾಡಿದರೆ ಉಪ್ಪುನೀರು ಮೈಯ ನೀರನ್ನು ಎಳೆದುಕೊಳ್ಳುವುದಿಲ್ಲ. ಸತ್ತ ಮೇಲೆ ಅದು ಅಮೋನಿಯಾ ಆಗಿ ಘಾಟು ಹೊಡೆಯುತ್ತದೆ. ಹೊಲಕ್ಕೆ ಹಾಕುವ ಯೂರಿಯಾವೂ ರಾಸಾಯನಿಕವಾಗಿ ಅದೇ.

ತೊಗರಿ ಹೊಲ ಹಾಳು ಮಾಡ್ತಾವ, ಊರ ತುಂಬ ಅವೇ. ಮಂಗ್ಯಾ ಕಡಿಮಿ ಆಗ್ಯಾವ ಅಂದ್ರ ನಾವು ಹ್ಯಾಂಗ ನಂಬಬೇಕ್ರಿ?

ಸೇಡಂ ಕಡೆಯ ರೈತರೊಬ್ಬರು ಬರೆದದ್ದು ಇದು. ಅವರ ಸಂಕಟ ನಿಜ. ಕಾಯಿ ಕಟ್ಟಿದ ತೊಗರಿಯಲ್ಲಿ ಒಂದು ಗುಂಪು ಬೆಳಿಗ್ಗೆ ಇಳಿದು ಹೋದರೆ ವರ್ಷದ ದುಡಿಮೆ ಹೋದಂತೆ. ಅವರಿಗೆ ಪ್ರಾಣಿದಯೆಯ ಪಾಠ ಹೇಳುವ ಮನಸ್ಸು ನನಗಿಲ್ಲ.

ಆದರೆ ಕಣ್ಣಿಗೆ ಜಾಸ್ತಿ ಕಾಣುವುದಕ್ಕೂ ಜಾಸ್ತಿ ಇರುವುದಕ್ಕೂ ವ್ಯತ್ಯಾಸ ಇದೆ. ಮೊದಲು ಈ ಮಂಗಗಳು ರಸ್ತೆ ಬದಿಯ ಆಲ, ಅರಳಿ, ಹುಣಸೆ ಮರಗಳ ಸಾಲಿನಲ್ಲಿ ಹರಡಿಕೊಂಡಿದ್ದವು. ರಸ್ತೆ ಅಗಲ ಮಾಡಲು ಆ ಮರ ಕಡಿದರು. ಗುಡಿಯ ಮುಂದೆ, ಢಾಬಾದ ಮುಂದೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವುದು ಬೆಳೆಯಿತು. ಹತ್ತು ಕಡೆ ಇದ್ದವು ಒಂದು ಕಡೆ ಬಂದು ಸೇರಿದವು. ಮೈಸೂರು ಸುತ್ತಲಿನ ರಸ್ತೆಬದಿಯ ಮಂಗಗಳನ್ನು ದೀರ್ಘಕಾಲ ಎಣಿಸಿದ ಅಧ್ಯಯನದಲ್ಲಿ 25 ವರ್ಷಗಳಲ್ಲಿ ಶೇ. 65ಕ್ಕೂ ಹೆಚ್ಚು ಇಳಿಕೆ ಕಂಡಿತು. ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಎಂದು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈಗ ಟೊಪ್ಪಿಗೆಯ ಮಂಗ 'ಅಪಾಯಕ್ಕೆ ಈಡಾಗಬಲ್ಲ' ಜಾತಿ. ದೈತ್ಯ ತೊರಕೆ ಇನ್ನೂ ಒಂದು ಮೆಟ್ಟಿಲು ಕೆಳಗೆ, 'ಅಳಿವಿನಂಚಿನ' ಜಾತಿ. ಅದಕ್ಕೆ ಕಾರಣ ಮೀನುಗಾರಿಕೆ, ಅಣೆಕಟ್ಟು, ಕೊಳಕಾದ ನೀರು.

ಮೊದಲ ಪ್ರಶ್ನೆಯಲ್ಲಿ ಬಿಟ್ಟ ಮಾತು ಇಲ್ಲಿ ಬರುತ್ತದೆ. ರೋಹು ಕಮ್ಮಿಯಾದರೆ ಒಂದು ಒಳ್ಳೆಯ ಮಳೆಗಾಲದಲ್ಲಿ ಮತ್ತೆ ತುಂಬಿಕೊಳ್ಳಬಹುದು. ಒಂದೊಂದೇ ಮರಿ ಹಾಕುವ ಮಂಗ, ನಾಲ್ಕು ದಾಟದ ತೊರಕೆ ಹಾಗಲ್ಲ. ಹತ್ತು ಹೆಣ್ಣು ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಮಂಗನಿಗೆ ರಕ್ಷಣೆ ಕೊಟ್ಟಿದೆ. ಗಂಗಾ ತೊರಕೆ ಎಂದು ಕರೆಯುವ ಮೀನನ್ನು 2001ರಲ್ಲಿ ಅದೇ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು.

ಆ ರೈತರಿಗೆ ನಾನು ಬರೆದದ್ದು ಇಷ್ಟು: ಊರಲ್ಲಿ ಆಹಾರ ಎಸೆಯುವುದನ್ನು ಪಂಚಾಯ್ತಿಯಿಂದಲೇ ನಿಲ್ಲಿಸಿ, ಕಸ ಮುಚ್ಚಿಡಿ, ಹಳ್ಳದ ದಂಡೆಗೆ ಅತ್ತಿ, ಆಲ ಹಚ್ಚಿ. ಕಾಯಿ ಕಟ್ಟುವ ದಿನಗಳಲ್ಲಿ ಹತ್ತು ಹೊಲದವರು ಸೇರಿ ಪಾಳಿ ಹಾಕಿ ಕಾಯಿರಿ. ಒಬ್ಬರೇ ಓಡಿಸಿದರೆ ಅವು ಪಕ್ಕದ ಹೊಲಕ್ಕೆ ಹೋಗುತ್ತವೆ ಅಷ್ಟೆ.

ಎರಡನ್ನೂ ಕಣ್ಣಾರೆ ನೋಡೋದು ಹೇಗೆ?

ಮಂಗನಿಗೆ ಒಂದು ನೋಟ್‌ಬುಕ್ಕು, ಅರ್ಧ ಗಂಟೆ ಸಾಕು. ಕೈಯಲ್ಲಿ ತಿಂಡಿ ಇರಬಾರದು. ದೂರ ಕೂತು ಒಂದೇ ಮಂಗನನ್ನು ಆರಿಸಿ, ಎರಡು ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದೆ ಎಂದು ಬರೆಯಿರಿ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಅದು ಬೆದರಿಕೆ ಎಂದು ತಿಳಿಯುತ್ತದೆ.

ದೈತ್ಯ ತೊರಕೆ ಇಲ್ಲಿ ಸಿಗುವುದಿಲ್ಲ, ಆದರೆ ಅದರ ಸಮುದ್ರದ ನೆಂಟರು ಸಿಗುತ್ತಾರೆ. ಶಾಲೆಯ ಪ್ರವಾಸ ಕರಾವಳಿಗೆ ಹೋದರೆ ಬೆಳಗಿನ ಹೊತ್ತು ಮಲ್ಪೆ ಅಥವಾ ಮಂಗಳೂರಿನ ಮೀನು ಬಂದರಿಗೆ ಹೋಗಿ, ತೊರಕೆ ಬಂದಿದೆಯಾ ಎಂದು ಕೇಳಿ. ಬಂದಿದ್ದರೆ ಕಣ್ಣಿನ ಹಿಂದಿನ ಎರಡು ತೂತು ನೋಡಿ. ಮೀನುಗಾರರಿಗೆ ಹೇಳಿ ತಿರುವಿ ಹಾಕಿಸಿ, ಬಾಯಿ ಮತ್ತು ಐದೈದು ಕಿವಿರು ಸೀಳು ಎಣಿಸಿ. ಬಾಲದ ಬುಡದಲ್ಲಿ ಬೆರಳಿನಂಥ ಎರಡು ಭಾಗ ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಬಾಲವನ್ನು ಮಾತ್ರ ಮುಟ್ಟಬೇಡಿ. ಸತ್ತ ತೊರಕೆಯ ಮುಳ್ಳು ಚುಚ್ಚಿದರೂ ವಿಷ ಏರುತ್ತದೆ.